ಪಟ್ಟಿಯ ಮೊದಲ ಸಾಲು

ಸಿಇಟಿ ಸೀಟು ಖಚಿತವಾದ ಮೇಲೆ ಬೆಂಗಳೂರಿನ ಕುರುಬರಹಳ್ಳಿಯ ಮನೆಗಳಲ್ಲಿ ಮುಂದಿನ ಮಾತು ಕಂಪ್ಯೂಟರಿನದು. ಮಗನೋ ಮಗಳೋ ಬರೆದುಕೊಟ್ಟ ಪಟ್ಟಿ ಹಿಡಿದು ಅಪ್ಪ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ಹೊರಡುತ್ತಾರೆ. ಮೊದಲ ಸಾಲಿನಲ್ಲೇ ಕೋರ್ ಐ9 ಅಥವಾ ರೈಝೆನ್ 9 ಇರುತ್ತದೆ. ಓದುವ ಮಕ್ಕಳಿಗೆ ಕಡಿಮೆಯಾಗಬಾರದೆಂದು ಚೀಟಿ ಎತ್ತುತ್ತಾರೆ, ಇಲ್ಲವೇ ಇಎಂಐಗೆ ಸಹಿ ಹಾಕುತ್ತಾರೆ. ಆ ಅಕ್ಕರೆಗೆ ನಮ್ಮ ತಲೆ ಬಾಗುತ್ತದೆ. ಆದರೂ ಹೇಳಲೇಬೇಕು: ಬಹುಪಾಲು ಮನೆಗಳಿಗೆ ಅಷ್ಟು ದುಬಾರಿ ಪ್ರೊಸೆಸರ್ ಬೇಡ.

ಪ್ರೊಸೆಸರಿನಲ್ಲಿ ಆರೇ ಕೋರ್ (ಲೆಕ್ಕ ಮಾಡುವ ಘಟಕ) ಎಂದರೆ ಮಕ್ಕಳ ಮುಖ ಸಪ್ಪಗಾಗುವುದುಂಟು. ಆದರೆ 2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಹೊರತಂದ ಆರು ಕೋರ್‌ಗಳ ಜಿಯಾನ್ 7400 ದೊಡ್ಡ ಸರ್ವರ್‌ಗಳಿಗೆಂದೇ ಮಾಡಿದ್ದು. ಅದರ ವಿನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಆರು ಕೋರ್, ಹನ್ನೆರಡು ಥ್ರೆಡ್‌ಗಳ ಐ5-12400, ರೈಝೆನ್ 5 5600 ಸಾಮಾನ್ಯ ಮನೆಯ ಕಂಪ್ಯೂಟರಿಗೆ ಬರುವ ಮಾಲು. ಪ್ರೋಗ್ರಾಮಿಂಗ್ ಕಲಿಕೆ, ಆನ್‌ಲೈನ್ ಪಾಠ, ಪ್ರಾಜೆಕ್ಟ್ ವರದಿ, ನುಡಿಯಲ್ಲಿ ಟೈಪಿಂಗ್, ಲಗ್ನಪತ್ರಿಕೆಯ ಡಿಟಿಪಿ ಎಲ್ಲವೂ ಅದರಲ್ಲಿ ಸಲೀಸು.

ಕೋರ್ ಹೆಚ್ಚಾದಷ್ಟೂ ವೇಗ ಹೆಚ್ಚುತ್ತದೆಂಬ ನಂಬಿಕೆಗೆ ಮಿತಿಯಿದೆ. ಅಡುಗೆಮನೆಗೆ ಹತ್ತು ಜನ ಬಂದರೆ ತರಕಾರಿ ಬೇಗ ಹೆಚ್ಚಬಹುದು, ಕುಕ್ಕರ್ ಮೂರು ವಿಷಲ್ ಕೂಗಲು ಹಿಡಿಯುವ ಹೊತ್ತು ಹಿಡಿದೇ ಹಿಡಿಯುತ್ತದೆ. ಇದನ್ನು 1967ರಲ್ಲೇ ಲೆಕ್ಕ ಹಾಕಿ ಹೇಳಿದವರು ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್. ಒಂದು ಕೆಲಸದ ಅರ್ಧ ಭಾಗವನ್ನು ಹಂಚಲು ಬಾರದಿದ್ದರೆ, ಎಷ್ಟೇ ಕೋರ್ ಸುರಿದರೂ ವೇಗ ಎರಡು ಪಟ್ಟು ದಾಟದು. ಎಂಜಿನಿಯರಿಂಗ್ ಮಕ್ಕಳು ಬಳಸುವ ಆಟೋಕ್ಯಾಡ್‌ನ ಬಹುಪಾಲು ಕೆಲಸ ನಡೆಯುವುದು ಒಂದೇ ಕೋರ್‌ನಲ್ಲಿ. ಗೇಮ್ ಮತ್ತು ಮಷೀನ್ ಲರ್ನಿಂಗ್‌ಗೆ ಹೆಚ್ಚಾಗಿ ಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. 2023ರಲ್ಲಿ ಬಂದ ಎಂಟೇ ಕೋರ್‌ಗಳ ರೈಝೆನ್ 7 7800ಎಕ್ಸ್3ಡಿ, ಹಲವು ಗೇಮ್‌ಗಳಲ್ಲಿ ಅದೇ ವರ್ಷದ 24 ಕೋರ್‌ಗಳ ಐ9-14900ಕೆಯನ್ನು ಹಿಂದಿಕ್ಕಿತು.

ಬಿಲ್ಲು ಪ್ರೊಸೆಸರಿಗೇ ನಿಲ್ಲುವುದಿಲ್ಲ. ಐ9-14900ಕೆ ಪೂರ್ತಿ ದುಡಿಯುವಾಗ 253 ವಾಟ್‌ವರೆಗೆ ಎಳೆಯುತ್ತದೆ. ಐ5-12400ರ ಗರಿಷ್ಠ 117. ಐ9ರ ಬಿಸಿ ತಡೆಯಲು ದೊಡ್ಡ ಕೂಲರ್, ಗಟ್ಟಿ ಮದರ್‌ಬೋರ್ಡ್, ಹೆಚ್ಚು ಸಾಮರ್ಥ್ಯದ ಎಸ್‌ಎಂಪಿಎಸ್ ಬೇಕು. 20×30ರ ಸೈಟಿನ ಮೇಲ್ಮಹಡಿ ರೂಮಿನಲ್ಲಿ ಏಪ್ರಿಲ್ ಕಳೆದವರಿಗೆ ಆ ಬಿಸಿಯ ಅರ್ಥ ಗೊತ್ತು. ದುಬಾರಿಯಾದದ್ದು ಕೆಡುವುದಿಲ್ಲ ಎಂಬ ಧೈರ್ಯವೂ ಬೇಡ. 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್‌ಗಳು ಅತಿ ವೋಲ್ಟೇಜ್‌ನಿಂದ ಅಸ್ಥಿರವಾಗುತ್ತಿರುವುದನ್ನು 2024ರ ಜುಲೈನಲ್ಲಿ ಇಂಟೆಲ್ ತಾನೇ ಒಪ್ಪಿಕೊಂಡಿತು. ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಕೇಳಲೇಬೇಕು.

ಹಾಗಾದರೆ ಇಂಥ ದುಬಾರಿ ಪ್ರೊಸೆಸರ್ ಯಾರಿಗೆ ಬೇಕು? ಮದುವೆ ವಿಡಿಯೊ ಎಡಿಟ್ ಮಾಡಿ ಬದುಕುವವರಿಗೆ, ಕಟ್ಟಡದ ತ್ರೀಡಿ ಚಿತ್ರ ರೆಂಡರ್ ಮಾಡುವವರಿಗೆ, ಯಂತ್ರಭಾಗಗಳ ಸಿಮ್ಯುಲೇಶನ್ ನಡೆಸುವ ಎಂಜಿನಿಯರುಗಳಿಗೆ ಬೇಕಾಗಬಹುದು. ಅವರಿಗೆ ಉಳಿದ ಒಂದೊಂದು ಗಂಟೆಯೂ ಸಂಪಾದನೆ. ಅವರೂ ಕೊಳ್ಳುವ ಮುನ್ನ ಒಂದು ವಾರ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಕೆಲಸ ಮಾಡಲಿ. ಎಲ್ಲ ಕೋರ್‌ಗಳೂ ಗಂಟೆಗಟ್ಟಲೆ ನೂರಕ್ಕೆ ನೂರು ದುಡಿಯುತ್ತಿದ್ದರೆ ಧಾರಾಳವಾಗಿ ಕೊಳ್ಳಲಿ. ರ‍್ಯಾಮ್ ತುಂಬಿದ್ದರೆ, ಹಳೆಯ ಹಾರ್ಡ್ ಡಿಸ್ಕ್ ತೆವಳುತ್ತಿದ್ದರೆ, ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ.

ಮನೆಯವರಿಗೆ ನಮ್ಮ ಸಲಹೆ ಇಷ್ಟು. ಮಧ್ಯಮ ದರ್ಜೆಯ ಪ್ರೊಸೆಸರ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಕರೆಂಟ್ ಹೋದಾಗ ಬರೆದದ್ದು ಅಳಿಯದಂತೆ ಒಂದು ಯುಪಿಎಸ್ ತನ್ನಿ. ಉಳಿದ ಹಣ ಮುಂದಿನ ಸೆಮಿಸ್ಟರ್ ಫೀಸಿಗಿರಲಿ. ಕಾಲೇಜು ಶುರುವಾಗಿ ಯಾವ ಸಾಫ್ಟ್‌ವೇರ್ ಬೇಕೆಂದು ತಿಳಿಯುವ ತನಕ ಕಾದರೂ ನಷ್ಟವಿಲ್ಲ. ಆಮೇಲೆ ಮಗ, ಮಗಳ ಜೊತೆ ಕೂತು ಪಟ್ಟಿಯನ್ನು ಹೊಸದಾಗಿ ಬರೆಯಿರಿ. ಅದರ ಮೊದಲ ಸಾಲಿನಲ್ಲಿ ಮಾಡಬೇಕಾದ ಕೆಲಸದ ಹೆಸರಿರಲಿ, ಪ್ರೊಸೆಸರಿನ ಹೆಸರು ಅದರ ಕೆಳಗೆ ಬರಲಿ.