‘ಸಮಾಜದ ಕುಷ್ಠ’ ಅನ್ನೋ ಕವಿಗಳಿಗೆ

ಹೋದ ಸಭೆಯಲ್ಲಿ ನಮ್ಮ ಮಿತ್ರರೊಬ್ಬರು ಓದಿದ ಪದ್ಯದಲ್ಲಿ ‘ಭ್ರಷ್ಟಾಚಾರದ ಕುಷ್ಠ’ ಎಂಬ ಮಾತು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ಆಮೇಲೆ ಕೂತು ಯೋಚಿಸಿದಾಗ ನಾಚಿಕೆಯಾಯ್ತು. ಇದೇ ಹೈದರಾಬಾದಿನ ಕುಕಟ್‌ಪಲ್ಲಿಯಲ್ಲಿ ೧೯೫೮ರಲ್ಲಿ ರಾಣಿ ಕುಮುದಿನೀದೇವಿಯವರು ಕುಷ್ಠರೋಗಿಗಳಿಗಾಗಿ ಶಿವಾನಂದ ಪುನರ್ವಸತಿ ಗೃಹ ಕಟ್ಟಿದರು. ಅಲ್ಲಿರುವವರ ಎದುರು ನಿಂತು ಈ ಸಾಲು ಓದೋಕಾಗುತ್ತಾ?

ದಯೆಯ ಮಾತು ಹಾಗಿರಲಿ, ಈ ರೂಪಕವೇ ತಪ್ಪು. ಕುಷ್ಠವೆಂದರೆ ಕೊಳೆತವಲ್ಲ, ಸ್ಪರ್ಶದ ನಾಶ.

ನಮ್ಮ ಬೆರಳತುದಿಯ ಚರ್ಮದಡಿ ನರಗಳ ಸೂಕ್ಷ್ಮ ತುದಿಗಳಿವೆ. ಒತ್ತಿದರೆ ತಿಳಿಯುವುದು ಕೆಲವಕ್ಕೆ, ಕಂಪನ ತಿಳಿಯುವುದು ಕೆಲವಕ್ಕೆ, ಬಿಸಿ-ನೋವು ಬೇರೆಯವಕ್ಕೆ. ಒತ್ತಡ ಬಿದ್ದೊಡನೆ ಅವುಗಳ ಪೊರೆಯಲ್ಲಿ ಪುಟ್ಟ ಬಾಗಿಲೊಂದು ತೆರೆದು ವಿದ್ಯುತ್ ಸಂಕೇತ ಹೊರಡುತ್ತದೆ. (ಆ ಬಾಗಿಲನ್ನು ಕಂಡುಹಿಡಿದ ಪಟಪೂಟಿಯನ್ ಅವರಿಗೆ ೨೦೨೧ರಲ್ಲಿ ನೊಬೆಲ್ ಬಂತು.) ಸಂಕೇತ ಬೆನ್ನುಹುರಿ ಹತ್ತಿ ಮಿದುಳಿಗೆ ಹೋಗುತ್ತದೆ. ಅಲ್ಲಿ ಇಡೀ ಬೆನ್ನಿಗಿಂತ ಬೆರಳು, ತುಟಿಗಳಿಗೇ ಹೆಚ್ಚು ಜಾಗ. ಕತ್ತಲಲ್ಲಿ ಜೇಬಿಗೆ ಕೈಹಾಕಿ ರೂಪಾಯಿ ಯಾವುದು, ಎರಡು ರೂಪಾಯಿ ಯಾವುದು ಅಂತ ಹೇಳೋದು ಅದರಿಂದಲೇ.

ಮೊಣಕೈ ಬಾಗಿಲಿಗೆ ತಾಗಿದರೆ ಕಿರುಬೆರಳಿನ ತನಕ ಜುಮ್ಮೆಂದು ಕರೆಂಟು ಹೊಡೆದಂಗೆ ಆಗುತ್ತಲ್ಲ, ಚರ್ಮಕ್ಕೆ ಅಷ್ಟು ಹತ್ತಿರವಿರುವ ಆ ನರವೇ ಕುಷ್ಠದ ಕ್ರಿಮಿಗೆ ಪ್ರಿಯ. ತಂಪಾದ ಕಡೆ ಅದು ಬೆಳೆಯುತ್ತದೆ. ನರ ಸತ್ತಮೇಲೆ ಕೈ ಮುಟ್ಟಿದರೂ ಮಿದುಳಿಗೆ ಸುದ್ದಿ ಮುಟ್ಟದು. ಬೀಡಿ ಬೆರಳಿಗೆ ಬಂದು ಸುಟ್ಟರೂ ತಿಳಿಯದು, ಒಲೆಯ ಮೇಲಿನ ಪಾತ್ರೆ ಬರಿಗೈಲಿ ಇಳಿಸಿದರೂ ತಿಳಿಯದು. ಬೆರಳುಗಳು ತಾವಾಗಿ ಉದುರುವುದಿಲ್ಲ, ನೋವಿನ ಎಚ್ಚರಿಕೆಯಿಲ್ಲದೆ ಗಾಯದ ಮೇಲೆ ಗಾಯವಾಗಿ ಸವೆಯುತ್ತವೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಇದನ್ನು ರೋಗಿಗಳ ಕೈಗಳನ್ನೇ ನೋಡಿ ನೋಡಿ ತೋರಿಸಿಕೊಟ್ಟರು.

ನಮ್ಮಲ್ಲಿ ಇನ್ನೂ ತೊನ್ನು ಕಂಡರೂ ‘ಕುಷ್ಠ’ ಅಂತ ದೂರ ಸರೀತಾರೆ. ತೊನ್ನಿನ ಮಚ್ಚೆಗೆ ಹತ್ತಿ ತಾಗಿಸಿದರೆ ಗೊತ್ತಾಗುತ್ತದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಅಂಥ ಮಚ್ಚೆ ಕಂಡವರು ಬೇಗ ಆಸ್ಪತ್ರೆಗೆ ಹೋದರೆ ಕೈ ಉಳಿಯುತ್ತದೆ. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹುಔಷಧ ಚಿಕಿತ್ಸೆಯಿಂದ ರೋಗ ಆರು ತಿಂಗಳಲ್ಲೋ ವರ್ಷದಲ್ಲೋ ಗುಣವಾಗುತ್ತದೆ, ಔಷಧ ಪುಕ್ಕಟೆ. ಆದರೂ ಕುಷ್ಠವಿದೆ ಎಂದು ವಿಚ್ಛೇದನ ಕೇಳುವ ಹಕ್ಕು ನಮ್ಮ ಕಾನೂನಿನಲ್ಲಿ ೨೦೧೯ರ ತನಕ ಇತ್ತು! ಹೆದರಿ ಅಡಗಿ ಕೂತವರು ಆಸ್ಪತ್ರೆಗೆ ತಡವಾಗಿ ಬರುತ್ತಾರೆ, ಅಷ್ಟರಲ್ಲಿ ನರ ಹೋಗಿರುತ್ತದೆ. ಆ ಹೆದರಿಕೆಯಲ್ಲಿ ನಮ್ಮ ಪದ್ಯಗಳ ಪಾಲೂ ಇದೆ ಅಂತ ನನ್ನ ವಾದ.

ಮಿತ್ರರ ಪದ್ಯ ಮುಂದಿನ ಸಂಚಿಕೆಗೆ ಬರಲಿದೆಯಂತೆ. ಸ್ಟೆನ್ಸಿಲ್ ಕೊರೆಯುವ ಮೊದಲು ಸಂಪಾದಕರು ಆ ಒಂದು ಸಾಲಿನ ಬಗ್ಗೆ ಅವರ ಹತ್ತಿರ ಮಾತಾಡಲಿ.