ಗ್ಲೈಡಿಂಗ್ ಕ್ರೀಡಾ ಇಲಾಖೆಗೆ ಏಕೆ ಕಾಣದು?



ಏರೋ ಇಂಡಿಯಾ ಬಂದಾಗಲೆಲ್ಲ ಯಲಹಂಕದಲ್ಲಿ ಕತ್ತೆತ್ತಿ ನಿಂತ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಪ್ರದರ್ಶನ ಮುಗಿದ ಮೇಲೆ ಆ ಮಕ್ಕಳು ಎಲ್ಲಿಗೆ ಹೋಗಬೇಕು? ಪೈಲಟ್ ಆಗಲು ಹತ್ತಾರು ಲಕ್ಷ ರೂಪಾಯಿ ಬೇಕು. ಆಟವಾಗಿ ಹಾರಲು ಇರುವ ಅಗ್ಗದ ದಾರಿ ಎಂಜಿನ್ ಇಲ್ಲದ ಗ್ಲೈಡರ್. ಅದರ ಮಾತನ್ನೇ ಯಾರೂ ಎತ್ತುವುದಿಲ್ಲ.

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ. ಆದರೂ ಅದರ ಗಮನವೆಲ್ಲ ಪೈಲಟ್ ಲೈಸೆನ್ಸಿನ ಮೇಲೆ.

ನಮ್ಮಲ್ಲಿ ಗ್ಲೈಡಿಂಗ್‌ಗೆ ಪರಂಪರೆಯಿಲ್ಲ ಎನ್ನುವಂತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲೇ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಿ.ಎಂ. ಘಾಟ್ಗೆ ಗ್ಲೈಡರ್ ವಿನ್ಯಾಸ ಮಾಡಿದ್ದರು. ಮುಂದೆ ನಾಗರಿಕ ವಿಮಾನಯಾನದ ತಾಂತ್ರಿಕ ಕೇಂದ್ರ ರೂಪಿಸಿದ ಗ್ಲೈಡರುಗಳಿಗೆ ಅಶ್ವಿನಿ, ಭರಣಿ, ರೋಹಿಣಿ, ಆರ್ದ್ರಾ ಎಂದು ನಕ್ಷತ್ರಗಳ ಹೆಸರನ್ನೇ ಇಟ್ಟರು.

ಶ್ರೀಮಂತರ ಶೋಕಿ ಎಂಬ ಆಕ್ಷೇಪಕ್ಕೆ ಜರ್ಮನಿಯಲ್ಲಿ ಉತ್ತರವಿದೆ. ವರ್ಸೇಲ್ಸ್ ಒಪ್ಪಂದ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿದಾಗ ಅಲ್ಲಿನ ಉತ್ಸಾಹಿಗಳು ವಾಸರ್‌ಕುಪ್ಪೆ ಬೆಟ್ಟ ಹತ್ತಿ, 1920ರಲ್ಲಿ ಮೊದಲ ಸ್ಪರ್ಧೆ ನಡೆಸಿದರು. ಇಂದು ಅಲ್ಲಿನ ಕ್ಲಬ್ಬುಗಳಲ್ಲಿ 14 ವರ್ಷದವರೂ ತರಬೇತಿ ಪಡೆದು ಒಬ್ಬರೇ ಹಾರುತ್ತಾರೆ. ಕಲಿಸುವವರು ಹೆಚ್ಚಾಗಿ ಸಂಬಳ ಪಡೆಯದ ಸದಸ್ಯರು. ಚಳಿಗಾಲದ ರಿಪೇರಿಗೆ ಎಳೆಯರೂ ಕೈಜೋಡಿಸುತ್ತಾರೆ. ಖರ್ಚು ಇಳಿಯುವುದು ಹೀಗೆ. ಹೊಸಬರು ಒಂದೇ ಸುತ್ತು ಹಾರಿ ಮರೆತುಬಿಡದೆ ಮರುವಾರವೂ ಬರುವುದು ಇದರಿಂದಲೇ.

ಉಪಯೋಗವೇನು ಎನ್ನುವವರು 1983ರ ಕೆನಡಾವನ್ನು ನೆನೆಯಲಿ. ಇಂಧನದ ಲೆಕ್ಕ ತಪ್ಪಿ ಏರ್ ಕೆನಡಾದ ಬೋಯಿಂಗ್ 767ರ ಎರಡೂ ಎಂಜಿನ್‌ಗಳು ಆಕಾಶದಲ್ಲೇ ನಿಂತವು. ಗ್ಲೈಡಿಂಗ್ ಬಲ್ಲ ಕ್ಯಾಪ್ಟನ್ ಬಾಬ್ ಪಿಯರ್ಸನ್ ಅದನ್ನು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಬ್ಬರ ಪ್ರಾಣವೂ ಹೋಗಲಿಲ್ಲ.

ಕೆಂಪೇಗೌಡ ವಿಮಾನ ನಿಲ್ದಾಣದ ಆಸುಪಾಸಿನ ಜಕ್ಕೂರಿನಲ್ಲಿ ವಿಮಾನ ಸಂಚಾರದ ತೊಡಕಿದೆ, ನಿಜ. ಆದರೆ ಬಯಲುಸೀಮೆಯಲ್ಲಿ ಜಾಗಕ್ಕೇನು ಬರ? ಸುಮಾರು ಒಂದು ಕಿಲೋಮೀಟರ್ ಉದ್ದದ ಸಮತಟ್ಟು ನೆಲವಿದ್ದರೆ, ವಿಂಚ್ ಯಂತ್ರ ಹಗ್ಗ ಸುತ್ತುತ್ತ ಗ್ಲೈಡರನ್ನು ಗಾಳಿಪಟದಂತೆ ಮೇಲೆಳೆಯುತ್ತದೆ. ಆಮೇಲೆ ಹದ್ದುಗಳನ್ನು ಮೇಲೇರಿಸುವ ಬಿಸಿಗಾಳಿಯೇ ಸಾಕು.

ಕ್ರೀಡಾ ಇಲಾಖೆಯು ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಅನುಮತಿ ಪಡೆದು ಒಂದು ವಿಂಚ್, ಇಬ್ಬರು ಕೂರುವ ಎರಡು ಗ್ಲೈಡರುಗಳೊಂದಿಗೆ ಚಿತ್ರದುರ್ಗ ಅಥವಾ ಬಳ್ಳಾರಿಯ ಕಡೆ ವಾರಾಂತ್ಯದ ಕ್ಲಬ್ ಆರಂಭಿಸಲಿ. ಮೊದಲ ಸದಸ್ಯರನ್ನು ಸರ್ಕಾರಿ ಪ್ರೌಢಶಾಲೆಗಳಿಂದಲೂ ಪಾಲಿಟೆಕ್ನಿಕ್‌ಗಳಿಂದಲೂ ಆರಿಸಲಿ. ಮುಂದಿನ ಬಜೆಟ್‌ಗೆ ಮುನ್ನ ಈ ಪ್ರಸ್ತಾವ ಸಿದ್ಧವಾಗಲಿ.

— ಒಬ್ಬ ಓದುಗ, ದಾವಣಗೆರೆ