ಎಚ್ಚರಿಕೆ ಪೆಟ್ಟಿಗೆಯ ಮೇಲಿರಲಿ, ಕನ್ನಡದಲ್ಲಿರಲಿ

ಮೊಬೈಲ್ ಫೋನಿನಿಂದ ಹೃದ್ರೋಗಿಗಳಿಗೆ ಅಪಾಯವೆಂಬುದು ಹಳೆಯ ಕಾಲದ ಭಯವೆಂದೂ, ಇಂದಿನ ಪೇಸ್‌ಮೇಕರುಗಳಿಗೆ ಲೋಹದ ಕವಚವೂ ಹೊರಗಿನ ಸಂಕೇತಗಳನ್ನು ಸೋಸುವ ವ್ಯವಸ್ಥೆಯೂ ಇರುವುದರಿಂದ ಯಾರೂ ಚಿಂತಿಸಬೇಕಿಲ್ಲವೆಂದೂ ಅಭಯ ನೀಡುವವರು, ರೇಡಿಯೋ ತರಂಗಗಳ ಮಟ್ಟಿಗೆ ಬಹುಪಾಲು ನಿಜವಾದ ಮಾತನ್ನು ಅಯಸ್ಕಾಂತಕ್ಕೂ ಅನ್ವಯಿಸಿ ರೋಗಿಗಳ ದಾರಿ ತಪ್ಪಿಸುತ್ತಿದ್ದಾರೆ.

ಪೇಸ್‌ಮೇಕರ್ ನಿಧಾನಗೊಂಡ ಹೃದಯಕ್ಕೆ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಟ್ಟು ಬಡಿತವನ್ನು ಕಾಯುತ್ತದೆ. ಐಸಿಡಿ ಎಂದು ಕರೆಯುವ ಇನ್ನೊಂದು ಉಪಕರಣ, ಪ್ರಾಣಾಂತಿಕ ವೇಗದಲ್ಲಿ ಅದುರತೊಡಗಿದ ಹೃದಯಕ್ಕೆ ಶಾಕ್ ಕೊಟ್ಟು ಅದನ್ನು ಲಯಕ್ಕೆ ಮರಳಿಸುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ವೈದ್ಯರು ಎದೆಯ ಮೇಲೆ ಅಯಸ್ಕಾಂತವಿಟ್ಟು ಐಸಿಡಿಯ ಶಾಕನ್ನು ತಡೆಹಿಡಿಯಲೆಂದೇ ಅದರೊಳಗೆ ಸಂವೇದಕವನ್ನು ಇರಿಸಲಾಗಿದ್ದು, ಅದು ಸುಮಾರು 10 ಗಾಸ್‌ನಷ್ಟು ಕಾಂತಕ್ಷೇತ್ರಕ್ಕೇ ಸ್ಪಂದಿಸಬಲ್ಲದು. ತಂತಿಯಿಲ್ಲದೆ ಚಾರ್ಜ್ ಮಾಡುವ ಅನುಕೂಲಕ್ಕಾಗಿ ಫೋನಿನ ಬೆನ್ನಿಗೆ ಅಯಸ್ಕಾಂತಗಳ ಬಳೆಯನ್ನೇ ಕೂರಿಸಿದ ಮೇಲೆ, ವೈದ್ಯರ ಕೈಯಲ್ಲಿರಬೇಕಾದ ಆ ಅಧಿಕಾರ ಯಾರ ಅರಿವಿಗೂ ಬಾರದಂತೆ ಜೇಬಿಗೆ ಬಂದು ಸೇರಿದೆ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿದರೂ, ಪೂರ್ತಿ ಆಫ್ ಮಾಡಿದರೂ ಅಯಸ್ಕಾಂತ ಅಯಸ್ಕಾಂತವಾಗಿಯೇ ಇರುತ್ತದೆ.

ಇದು ಊಹೆಯಲ್ಲ. ಐಫೋನ್ 12ನ್ನು ರೋಗಿಯ ಎದೆಯ ಬಳಿ ಹಿಡಿದೊಡನೆ ಐಸಿಡಿ ತನ್ನ ರಕ್ಷಣಾ ಕಾರ್ಯವನ್ನು ನಿಲ್ಲಿಸಿತೆಂದು ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ವೈದ್ಯರು 2021ರ ಜನವರಿಯಲ್ಲಿ ವರದಿ ಮಾಡಿದರು. ಅದೇ ವರ್ಷ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಪರೀಕ್ಷೆಗೊಳಗಾದ 3 ರೋಗಿಗಳ ಉಪಕರಣಗಳೂ, ದೇಹಕ್ಕೆ ಇನ್ನೂ ಅಳವಡಿಸದ 11 ಉಪಕರಣಗಳ ಪೈಕಿ 8 ಉಪಕರಣಗಳೂ ಫೋನಿನ ಅಯಸ್ಕಾಂತಕ್ಕೆ ಸ್ಪಂದಿಸಿದವು. ಫೋನಿನ ತಯಾರಕ ಕಂಪನಿಯೇ, ಫೋನಿಗೂ ಉಪಕರಣಕ್ಕೂ ನಡುವೆ 15 ಸೆಂಟಿಮೀಟರಿಗಿಂತ ಹೆಚ್ಚು, ತಂತಿರಹಿತವಾಗಿ ಚಾರ್ಜ್ ಆಗುತ್ತಿರುವಾಗ 30 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿರಲಿ ಎಂದು ಹೇಳಿದೆ. ಅಭಯ ನೀಡುವವರು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಐಸಿಡಿಯನ್ನು ಸಾಮಾನ್ಯವಾಗಿ ಎಡಗಡೆಯ ಕೊರಳೆಲುಬಿನ ಕೆಳಗೆ ಅಳವಡಿಸುತ್ತಾರೆ, ಅಂಗಿಗೆ ಜೇಬು ಹೊಲಿಯುವುದೂ ಎಡಗಡೆಗೇ, ಇವೆರಡರ ನಡುವೆ 15 ಸೆಂಟಿಮೀಟರ್ ಎಲ್ಲಿದೆ?

ಇದರಿಂದ ಯಾರಿಗೂ ಹಾನಿಯಾದ ವರದಿಯಿಲ್ಲವೆಂದು 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳಿದ್ದನ್ನು ಉಲ್ಲೇಖಿಸುವವರು, ಅದೇ ಸಂಸ್ಥೆ ಅದೇ ಪ್ರಕಟಣೆಯಲ್ಲಿ ಆರು ಇಂಚು, ಅಂದರೆ ಅದೇ 15 ಸೆಂಟಿಮೀಟರ್, ಅಂತರ ಕಾಯ್ದುಕೊಳ್ಳಲು ಹೇಳಿದ್ದನ್ನು ಮರೆಮಾಚುತ್ತಾರೆ. ಫೋನು ದೂರವಾದೊಡನೆ ಉಪಕರಣ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುವುದರಿಂದ, ಕುಸಿದುಬಿದ್ದವನ ಜೇಬಿನಲ್ಲಿ ಏನಿತ್ತೆಂದು ಯಾರೂ ಬರೆದಿಡದ ಕಡೆ, ವರದಿಯಿಲ್ಲ ಎಂಬ ಮಾತು ಅಪಾಯವಿಲ್ಲ ಎಂಬುದಕ್ಕೆ ಪುರಾವೆಯಾಗಲಾರದು.

ಇನ್ನೂ ದೊಡ್ಡ ಅನ್ಯಾಯ ಭಾಷೆಯದು. ಎದೆಯೊಳಗೆ ಯಂತ್ರ ಹೊತ್ತ ಕನ್ನಡಿಗನಿಗೆ ಅದರ ಗುರುತಿನ ಚೀಟಿ ಇಂಗ್ಲಿಷಿನಲ್ಲಿ, ಕೈಪಿಡಿ ಇಂಗ್ಲಿಷಿನಲ್ಲಿ, ನುಂಗುವ ಮಾತ್ರೆಯ ಹಾಳೆಯ ಮೇಲಿನ ಸೂಚನೆಯೂ ಇಂಗ್ಲಿಷಿನಲ್ಲಿ. ಫೋನನ್ನು ಮಾರುವ ಜಾಹೀರಾತಿಗೆ ಮಾತ್ರ ಅಚ್ಚುಕಟ್ಟಾದ ಕನ್ನಡ ಸಿಗುತ್ತದೆ. ಕೊಳ್ಳಲು ಒಲಿಸುವಾಗ ನೆನಪಾಗುವ ಭಾಷೆ ಪ್ರಾಣ ಕಾಯುವ ಮಾತಿಗೆ ಬಂದಾಗ ಮರೆತುಹೋಗುವುದನ್ನು ಅಚಾತುರ್ಯವೆಂದು ಕ್ಷಮಿಸಲಾಗದು, ಅದು ತಾತ್ಸಾರ.

ಸಿಗರೇಟಿನ ಪೊಟ್ಟಣದ ಮೇಲೆ ದೊಡ್ಡ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿದ ಸರ್ಕಾರ, ಅಯಸ್ಕಾಂತವಿರುವ ಫೋನು, ಕವರು ಮತ್ತು ಚಾರ್ಜರುಗಳ ಪೆಟ್ಟಿಗೆಯ ಮೇಲೂ ಆಯಾ ರಾಜ್ಯದ ಭಾಷೆಯಲ್ಲಿ 15 ಸೆಂಟಿಮೀಟರಿನ ಎಚ್ಚರಿಕೆಯನ್ನು ಕಡ್ಡಾಯಗೊಳಿಸಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಇಂಥ ಉಪಕರಣ ಅಳವಡಿಸಿಕೊಂಡವರಿದ್ದರೆ ಅವರ ಎಡಜೇಬಿನ ಫೋನನ್ನು ಇಂದೇ ತೆಗೆಸಿರಿ. ಫೋನು ಪ್ಯಾಂಟಿನ ಜೇಬಿನಲ್ಲಿರಲಿ, ಮಾತನಾಡುವಾಗ ಬಲಕಿವಿಯಲ್ಲಿರಲಿ.